ಈ ವಾರದ ಜೀವಿ: ಬೆಂಕಿ ಹಕ್ಕಿ

ಎಲ್ಲರಿಗೂ ನಮಸ್ಕಾರ.

ನಮ್ಮ ಫ್ಯಾಂಟಸಿ ಗುಂಪಿನಲ್ಲಿ ಈ ವಾರ ಬೆಂಕಿ ಹಕ್ಕಿಯ ಸರದಿ. ಕತೆ ಬರೆಯುವವರು, ಚಿತ್ರ ಬಿಡಿಸುವವರು ಭಾನುವಾರ ರಾತ್ರಿ 9 ಗಂಟೆಯೊಳಗೆ ಇಲ್ಲೇ ಹಾಕಿ. ಸುಮ್ನೆ ಓದಲು ಬಂದವರು ಆರಾಮಾಗಿರಿ.

ಶುರು ಮಾಡುವ ಮೊದಲು ಒಂದು ಮಾತು. ಹೋದ ಸಲದ ಕರಡುಗಳಲ್ಲಿ ಎರಡು ಹಕ್ಕಿಗಳು ಕಲಸಿಹೋಗಿದ್ದವು. ಸುಟ್ಟು ಬೂದಿಯಾಗಿ ಮತ್ತೆ ಹುಟ್ಟುವುದು ಫೀನಿಕ್ಸ್. ರಷ್ಯಾದ ಜನಪದ ಕತೆಗಳ ಝಾರ್-ಪ್ತಿತ್ಸಾ ಬೇರೆ. ಅದು ರಾತ್ರಿ ತೋಟಕ್ಕೆ ನುಗ್ಗಿ ಚಿನ್ನದ ಸೇಬು ಕದಿಯುತ್ತದೆ. ಉದುರಿದ ಒಂದು ಗರಿ ಸಾಕು, ಇಡೀ ಕೋಣೆ ಬೆಳಗುತ್ತದೆ.

ಇನ್ನೊಂದು ತಮಾಷೆ: ಕ್ರಿ.ಪೂ. 5ನೇ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಹೇಳುವ ಫೀನಿಕ್ಸ್ ಕತೆಯಲ್ಲಿ ಬೆಂಕಿಯೇ ಇಲ್ಲ! ಅದು 500 ವರ್ಷಕ್ಕೊಮ್ಮೆ, ಸತ್ತ ತಂದೆಯನ್ನು ಸುಗಂಧದ ಅಂಟಿನ ಉಂಡೆಯೊಳಗಿಟ್ಟು ಈಜಿಪ್ಟಿನ ಹೆಲಿಯೊಪೊಲಿಸ್‌ಗೆ ಹೊತ್ತು ತರುತ್ತದೆ. ಬೆಂಕಿ ಆಮೇಲಿನವರು ಸೇರಿಸಿದ್ದು. ನನಗಂತೂ ಈ ಹಳೇ ಹಕ್ಕಿಯೇ ಜಾಸ್ತಿ ಇಷ್ಟ.

ಯಾವ ಹಕ್ಕಿ ಅಂತ ಮೊದಲ ಸಾಲಿನಲ್ಲೇ ಬರೆಯಿರಿ. ಕತೆ 300 ಪದ ದಾಟದಿರಲಿ. ಚಿತ್ರ ಒಂದೇ ಸಾಕು, ನೀವೇ ಬಿಡಿಸಿದ್ದಾಗಿರಲಿ.

ಸೇರುವವರು ಗುರುವಾರದೊಳಗೆ ನಿಮ್ಮ ಹೆಸರು, ಆರಿಸಿದ ಹಕ್ಕಿ ಎರಡನ್ನೂ ಇಲ್ಲೇ ತಿಳಿಸಿ. ಎಲ್ಲರೂ ಒಂದೇ ಹಕ್ಕಿಗೆ ಮುಗಿಬಿದ್ದರೆ ಓದುವವರಿಗೆ ಬೇಜಾರು, ಅಲ್ವಾ?