ಹಕ್ಕಿಯ ಕಾಲಿನ ಚೀಟಿ

ಪ್ರೀತಿಯ ತಂಗಿ,

ಡಾರ್ವಿನ್ ಬಗ್ಗೆ ನೀನು ಬರೆದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ. ಆದರೆ ಎರಡನೇ ಪ್ಯಾರಾದಲ್ಲಿ ಪೆನ್ಸಿಲ್ ತಗೊಂಡೆ. ಪೆಸಿಫಿಕ್ ಸಾಗರದ ಗಲಪಗೋಸ್ ದ್ವೀಪಗಳಲ್ಲಿ ಫಿಂಚ್ ಹಕ್ಕಿಗಳ ಕೊಕ್ಕು ಕಂಡ ಕೂಡಲೇ ಅವನಿಗೆ ವಿಕಾಸದ ಗುಟ್ಟು ಹೊಳೆಯಿತು ಅಂತ ಬರೆದಿದ್ದೀಯ. ಹಾಗೇನೂ ಹೊಳೆಯಲಿಲ್ಲ. ಮೊದಮೊದಲು ನಾನೂ ಹೀಗೇ ಬರೆದವನು.

1835ರ ಸೆಪ್ಟೆಂಬರ್‌ನಲ್ಲಿ ಅವನಿದ್ದ ಬೀಗಲ್ ಹಡಗು ಆ ದ್ವೀಪಗಳಿಗೆ ಬಂತು. ಡಾರ್ವಿನ್‌ಗೆ ಆಗ 26 ವರ್ಷ. ಐದು ವಾರದಲ್ಲಿ ನಾಲ್ಕು ದ್ವೀಪಗಳಲ್ಲಿ ಇಳಿದು ಓಡಾಡಿದ. ಹಕ್ಕಿ ಹೊಡೆದ, ಚರ್ಮ ಸುಲಿದು ಒಣಗಿಸಿದ, ಚೀಟಿ ಕಟ್ಟಿದ. ಆದರೆ ಹೆಚ್ಚಿನ ಫಿಂಚ್‌ಗಳ ಚೀಟಿಯಲ್ಲಿ ಯಾವ ದ್ವೀಪದ್ದು ಅಂತಲೇ ಇಲ್ಲ! ಅವೆಲ್ಲ ಒಂದೇ ಬಳಗದವು ಅಂತಲೂ ಅವನಿಗೆ ತಿಳಿಯಲಿಲ್ಲ. ಆಮೆಯನ್ನು ನೋಡಿದರೆ ಸಾಕು, ಯಾವ ದ್ವೀಪದ್ದೆಂದು ಹೇಳಬಲ್ಲೆ ಅಂತ ಅಲ್ಲಿನ ಅಧಿಕಾರಿ ಲಾಸನ್ ಹೇಳಿದ್ದರು. ಆ ಮಾತನ್ನೂ ಇವನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಹಡಗಿನವರು ಆಮೆಗಳನ್ನು ತಿಂದು ಚಿಪ್ಪು ಎಸೆದರು.

ಮಾಕಿಂಗ್‌ಬರ್ಡ್ ವಿಷಯದಲ್ಲಿ ಮಾತ್ರ ಎಚ್ಚರವಾಗಿದ್ದ. ಎರಡನೇ ದ್ವೀಪದ ಹಕ್ಕಿ ಮೊದಲನೆಯದರ ಹಾಗಿಲ್ಲವಲ್ಲ ಅನ್ನಿಸಿತು. ಅಲ್ಲಿಂದ ಅವನ್ನು ದ್ವೀಪವಾರು ಬೇರೆಬೇರೆ ಇಟ್ಟ.

1837ರ ಜನವರಿ, ಲಂಡನ್. ಹಕ್ಕಿಗಳನ್ನು ಬಲ್ಲ ಜಾನ್ ಗೌಲ್ಡ್ ಆ ಒಣ ಚರ್ಮಗಳನ್ನು ನೋಡಿ, ಇವೆಲ್ಲ ಫಿಂಚ್‌ಗಳೇ, ಒಂದಕ್ಕೊಂದು ಹತ್ತಿರದ ಹೊಸ ಜಾತಿಗಳು ಅಂದರು. ಮುಂದೆ ಮಾಕಿಂಗ್‌ಬರ್ಡ್‌ಗಳೂ ಮೂರು ಬೇರೆ ಜಾತಿ ಅಂತ ಗೊತ್ತಾಯಿತು. ಡಾರ್ವಿನ್ ಪೇಚಿಗೆ ಸಿಕ್ಕಿಬಿದ್ದ. ಹೆಚ್ಚುಕಡಿಮೆ ಒಂದೇ ಹವೆ, ಒಂದೇ ಥರದ ಕಲ್ಲು, ಆದರೂ ಒಂದೊಂದು ದ್ವೀಪಕ್ಕೆ ಒಂದೊಂದು ಜಾತಿ ಯಾಕೆ? ದಕ್ಷಿಣ ಅಮೆರಿಕದಿಂದ ಎಂದೋ ಬಂದ ಹಕ್ಕಿ ದೂರದೂರ ಉಳಿದು ಬದಲಾಯಿತು ಅನ್ನಬೇಕಾದರೆ, ಯಾವುದು ಎಲ್ಲಿಯದು ಅಂತ ಗೊತ್ತಿರಬೇಕಲ್ವಾ? ಕೊನೆಗೆ ಕ್ಯಾಪ್ಟನ್ ಫಿಟ್ಜ್‌ರಾಯ್ ಮತ್ತು ತನ್ನ ಆಳು ಕೋವಿಂಗ್ಟನ್ ಕೂಡಿಟ್ಟ ಹಕ್ಕಿಗಳನ್ನು ಕೇಳಿ ನೋಡಿದ. ಅವರು ದ್ವೀಪದ ಹೆಸರು ಬರೆದಿಟ್ಟಿದ್ದರು. ಯಜಮಾನ ಆಳಿನ ಚೀಟಿ ಓದುತ್ತ ಕೂತಿರುವ ಆ ಗಳಿಗೆ ಇದೆಯಲ್ಲ, ನಾನಾಗಿದ್ದರೆ ಲೇಖನವನ್ನು ಅಲ್ಲಿಂದಲೇ ಶುರು ಮಾಡುತ್ತಿದ್ದೆ.

ಅದೇ ವರ್ಷ ಹೊಸ ನೋಟ್‌ಬುಕ್ಕಿನಲ್ಲಿ ‘ನನಗನ್ನಿಸುವುದು’ ಅಂತ ಬರೆದು, ಕೆಳಗೆ ಒಂದು ಜಾತಿಯಿಂದ ಹಲವು ಜಾತಿ ಕವಲೊಡೆಯುವ ಮರವೊಂದನ್ನು ಗೀಚಿದ. ವಿಕಾಸದ ಬಗ್ಗೆ ಅವನ ಪುಸ್ತಕ ‘ಆನ್ ದಿ ಆರಿಜಿನ್ ಆಫ್ ಸ್ಪೀಷೀಸ್’ ಬಂದದ್ದು 1859ರಲ್ಲಿ. ನಡುವಿನ 22 ವರ್ಷವನ್ನು ನೀನು ‘ಕೆಲಕಾಲದ ನಂತರ’ ಅಂತ ಮುಗಿಸಿಬಿಟ್ಟಿದ್ದೀಯ!

ಚೀಟಿ ವಿಷಯದಲ್ಲಿ ನಾನೂ ಸಾಚಾ ಅಲ್ಲ. ಹಳೇ ಡೈರಿಯಲ್ಲಿ ‘ಇವತ್ತು ಕಂಡ ಮುದುಕ, ಅದ್ಭುತ ಮಾತು’ ಅಂತಿದೆ. ಯಾವ ಊರು, ಏನು ಮಾತು, ಒಂದೂ ಇಲ್ಲ. ಮೂವತ್ತು ವರ್ಷದಿಂದ ಆ ಮುದುಕ ಸುಮ್ನೆ ಕೂತಿದ್ದಾನೆ.

ಲೇಖನ ತಿದ್ದಿ ಕಳಿಸು. ಕೊನೆಯಲ್ಲಿ ನಿಮ್ಮ ಹಿತ್ತಲಿಗೆ ‘ಒಂದು ಪುಟ್ಟ ಹಕ್ಕಿ’ ಬರುತ್ತದಲ್ಲ, ಯಾವ ಹಕ್ಕಿ ಅದು? ಯಾವ ಗಿಡದ ಮೇಲೆ ಕೂತಿತ್ತು?

ನಿನ್ನ,
ಅಣ್ಣ