ಕಪ್ಪೆಲ್ಲ ಕೊಳೆಯಲ್ಲ: ಮಗಳಿಗೊಂದು ಪತ್ರ

ಧಾರವಾಡ

ಚಿ. ಮಗಳಿಗೆ ಆಶೀರ್ವಾದಗಳು.

ಅಜ್ಜಿಯ ಬೆಳ್ಳಿ ಒಡವೆಗಳನ್ನು ಅಲ್ಯೂಮಿನಿಯಂ ಹಾಳೆ ಹಾಸಿದ ಪಾತ್ರೆಯಲ್ಲಿಟ್ಟು, ಅಡುಗೆ ಸೋಡಾ ಉದುರಿಸಿ, ಕುದಿಯುವ ನೀರು ಸುರಿಯಬಹುದೇ ಎಂದು ಕೇಳಿದ್ದೀಯ. ಡಾಬು, ಕಾಲ್ಕಡಗ, ಇಷ್ಟಲಿಂಗವಿಡುವ ಕರಡಿಗೆ ಈ ಮೂರಕ್ಕೂ ಅದು ಬೇಡ. ಹಾಗೆಂದು ಆ ಉಪಾಯ ಸುಳ್ಳೇನಲ್ಲ. ಗಾಳಿಯಲ್ಲಿರುವ ಗಂಧಕದ ಅನಿಲ ತಗುಲಿ ಬೆಳ್ಳಿಯ ಮೇಲೆ ಕೂರುವ ಸಿಲ್ವರ್ ಸಲ್ಫೈಡ್ ಎಂಬ ಪದರವೇ ಈ ಕಪ್ಪು. ಅಲ್ಯೂಮಿನಿಯಂ ಅದರೊಳಗಿನ ಗಂಧಕವನ್ನು ಸೆಳೆದುಕೊಂಡು ಬೆಳ್ಳಿಯನ್ನು ಬಿಟ್ಟುಕೊಡುತ್ತದೆ. ದಿನಬಳಕೆಯ ಚಮಚ, ಲೋಟಗಳಿಗೆ ಸರಿಯೇ. ಆದರೆ ಬೇಕಾದ ಕಪ್ಪು ಯಾವುದು, ಬೇಡದ್ದು ಯಾವುದು ಎಂಬುದು ಆ ನೀರಿಗೆ ತಿಳಿಯದು.

ಡಾಬಿನ ನಡುವಿನ ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡು. ನವಿಲಿನ ಗರಿಯ ಒಂದೊಂದು ಗೀರೂ ಕಣ್ಣಿಗೆ ಬೀಳುವುದು ತಗ್ಗುಗಳಲ್ಲಿ ಕಪ್ಪು ನಿಂತು, ಉಬ್ಬುಗಳು ಬೆಳ್ಳಗೆ ಹೊಳೆಯುವುದರಿಂದ. ಆ ಕಪ್ಪನ್ನು ಪೂರ್ತಿ ತೆಗೆದರೆ ಕೆತ್ತನೆಯೆಲ್ಲ ಮಂಕಾಗಿ, ಹಳೆಯ ಕೆಲಸ ಮೊನ್ನೆ ಅಚ್ಚು ಹಾಕಿದ ಸಾಮಾನಿನಂತೆ ಕಾಣುತ್ತದೆ.

ಕಡಗದ ವಿಷಯ ಬೇರೆ. ಅದರ ಒಳಮೈಯಲ್ಲಿ ಸೂಜಿಮೊನೆಯಷ್ಟು ಒಂದು ತೂತಿದೆ, ಬೆರಳಿಂದ ತಟ್ಟಿದರೆ ಮಂದವಾದ ಸದ್ದು ಬರುತ್ತದೆ. ಒಳಗೆ ಅರಗು ತುಂಬಿದ್ದಾರೆಂದು ಇದರಿಂದಲೇ ತಿಳಿಯಬೇಕು. ಅರಗು 80 ಡಿಗ್ರಿಗೂ ಮೊದಲೇ ಮೆತ್ತಗಾಗುವುದರಿಂದ ಬಿಸಿನೀರು ಕೂಡದು. ನೀರು ಒಳಹೊಕ್ಕರೆ ಬೇಗ ಆರುವುದಿಲ್ಲವಾದ್ದರಿಂದ ತಣ್ಣೀರಿನಲ್ಲಿಯೂ ಮುಳುಗಿಸಬಾರದು. ಒದ್ದೆ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ಮತ್ತೆ ಒರೆಸಿದರೆ ಸಾಕು.

ಅಜ್ಜಿಯ ಲಿಂಗ ಅವರ ಜೊತೆಗೇ ಮಣ್ಣಿಗೆ ಹೋಯಿತು, ನಿನಗೆ ಬಂದದ್ದು ಬರಿಯ ಕರಡಿಗೆ. ಅದರ ಶಿವದಾರವನ್ನು ಮೊದಲು ಬಿಚ್ಚಿಡು. ಮುಚ್ಚಳದ ಕೀಲಿನಲ್ಲಿ ಗಟ್ಟಿಯಾಗಿ ಕೂತಿರುವುದು ಹಳೆಯ ವಿಭೂತಿ. ಅದನ್ನು ಪಿನ್ನಿನಿಂದ ಕೆದಕಬೇಡ, ನೆನೆಸಿದ ಹತ್ತಿಯನ್ನು ಸ್ವಲ್ಪ ಹೊತ್ತು ಒತ್ತಿಟ್ಟರೆ ತಾನೇ ಸಡಿಲವಾಗುತ್ತದೆ.

ಕರಡಿಗೆಗೂ ಡಾಬಿಗೂ ಉಗುರುಬೆಚ್ಚಗಿನ ನೀರು, ಒಂದೆರಡು ಹನಿ ಮಕ್ಕಳ ಶಾಂಪೂ, ಮೆದುವಾದ ಬ್ರಷ್ಷು ಇವಿಷ್ಟೇ ಮೊದಲು. ಅಕ್ಕಸಾಲಿಗರು ತಲೆಮಾರುಗಳಿಂದ ಬಳಸುತ್ತ ಬಂದಿರುವ ಅಂಟುವಾಳದ ನೊರೆಯೂ ಆಗಬಹುದು, ನನಗಂತೂ ಅದೇ ಇಷ್ಟ. ನಿಮ್ಮ ಮನೆಯ ಬೋರ್‌ವೆಲ್ ನೀರು ಆರಿದರೆ ಬಿಳಿ ಕಲೆ ಉಳಿಯುತ್ತದೆ, ಆದ್ದರಿಂದ ಕೊನೆಯ ಸಲ ಕುಡಿಯುವ ನೀರಿನಲ್ಲಿ ತೊಳೆ. ಅರ್ಧಕ್ಕರ್ಧ ಕೆಲಸ ಇಲ್ಲಿಗೇ ಮುಗಿದಿರುತ್ತದೆ, ಏಕೆಂದರೆ ನಾವು ಕಪ್ಪು ಎಂದುಕೊಳ್ಳುವುದರಲ್ಲಿ ಬೆವರು, ಎಣ್ಣೆ, ಕುಂಕುಮದ ಜಿಡ್ಡೂ ಸೇರಿರುತ್ತದೆ.

ಆಮೇಲೂ ಉಬ್ಬುಭಾಗ ಮಂಕಾಗಿದ್ದರೆ ಮಾತ್ರ, ಅತಿ ನುಣುಪಾದ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿಯನ್ನು ನೀರಿನಲ್ಲಿ ಕಲಸಿ, ಹತ್ತಿಕಡ್ಡಿಗೆ ಹಚ್ಚಿ, ಒಂದೇ ದಿಕ್ಕಿಗೆ ಹಗುರವಾಗಿ ಉಜ್ಜು. ಹತ್ತಿ ಕಪ್ಪಾಗುವುದನ್ನು ಕಂಡು ಉತ್ಸಾಹ ಬಂದೀತು. ಆದರೆ ಆ ಸಲ್ಫೈಡಿನ ತೂಕದಲ್ಲಿ ಶೇ. 87ರಷ್ಟು ಬೆಳ್ಳಿಯೇ ಇರುತ್ತದೆ, ಹತ್ತಿಗೆ ಅಂಟಿ ಹೋಗುತ್ತಿರುವುದು ಒಡವೆಯೇ. ಕಪ್ಪು ಸರಿದ ಜಾಗದಲ್ಲಿ ಹಳದಿಯೋ ಕೆಂಪೋ ಇಣುಕಿದರೆ ಅಲ್ಲಿಗೇ ನಿಲ್ಲಿಸು, ಅದು ಹಿತ್ತಾಳೆ ಅಥವಾ ತಾಮ್ರದ ಮೇಲೆ ಕೊಟ್ಟ ಬೆಳ್ಳಿಯ ಲೇಪ.

ಟೂತ್‌ಪೇಸ್ಟು ಗೀರು ಬೀಳಿಸುತ್ತದೆ. ಹುಣಸೆಹಣ್ಣು, ನಿಂಬೆ, ಉಪ್ಪು ಹಿತ್ತಾಳೆಯ ತಂಬಿಗೆಗಿರಲಿ. ವಿಭೂತಿಯಿಂದ ಉಜ್ಜುವ ನಮ್ಮ ಮನೆಯ ಪದ್ಧತಿಯನ್ನು ನಾನು ಹಳಿಯುವುದಿಲ್ಲ, ಆದರೆ ಬೆರಳುಗಳ ನಡುವೆ ತಿಕ್ಕಿದಾಗ ಒಂದು ಕಣ ಚುಚ್ಚಿದರೂ ಆ ಗಟ್ಟಿಯನ್ನು ಬೆಳ್ಳಿಗೆ ಮುಟ್ಟಿಸಬೇಡ. ಅಂಗಡಿಯ ಅದ್ದುವ ದ್ರಾವಣಗಳು ಆಮ್ಲಯುಕ್ತ, ಅವೂ ಬೇಡ.

ಪೂರ್ತಿ ಒಣಗಿದ ಮೇಲೆ ಒಂದೊಂದನ್ನೂ ತೊಳೆದ ಹತ್ತಿಬಟ್ಟೆಯಲ್ಲಿ ಸುತ್ತಿ, ಜಿಪ್ ಇರುವ ಚೀಲದಲ್ಲಿಡು. ಉಣ್ಣೆಯಲ್ಲಿಯೂ ರಬ್ಬರಿನಲ್ಲಿಯೂ ಗಂಧಕವಿರುವುದರಿಂದ ಶಾಲಿನ ಮಡಿಕೆಯೂ ಬೇಡ, ರಬ್ಬರ್ ಬ್ಯಾಂಡೂ ಬೇಡ.

ಡಾಬಿನ ಕೊಂಡಿ ಸಡಿಲವಾಗಿದೆ, ಅದನ್ನು ನೀನೇ ಬಗ್ಗಿಸಲು ಹೋಗದೆ ಪತ್ತಾರರಿಗೆ ತೋರಿಸು. ಕೊಂಡಿ ಮಾತ್ರ ಬಿಗಿ ಮಾಡಿ, ಮೆರುಗು ಹಾಕಬೇಡಿ ಎಂದು ಕೊಡುವಾಗಲೇ ಹೇಳು. ಇಲ್ಲದಿದ್ದರೆ ಅವರು ಒಳ್ಳೆಯ ಮನಸ್ಸಿನಿಂದಲೇ ಆಮ್ಲದಲ್ಲಿ ಅದ್ದಿ, ಯಂತ್ರಕ್ಕೆ ಹಿಡಿದು, ಫಳಫಳ ಹೊಳೆಯುವಂತೆ ಮಾಡಿಕೊಟ್ಟುಬಿಡುತ್ತಾರೆ.

ಇಂತಿ,
ನಿನ್ನ ಅಪ್ಪ