ಹೊಂಗೆ ಮರದ ನೋಟ್‌ಬುಕ್: ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ. ಕಳೆದ ತಿಂಗಳು ನನ್ನಿಂದ ಒಂದು ತಪ್ಪಾಯಿತು. ಅದನ್ನು ನಿಮ್ಮ ಹತ್ತಿರ ಹೇಳಿಕೊಳ್ಳಬೇಕು.

ಏಳನೇ ತರಗತಿಯ ಒಬ್ಬ ಹುಡುಗಿ ಊಟದ ಬಿಡುವಿನಲ್ಲಿ ಗೇಟಿನ ಪಕ್ಕದ ಹೊಂಗೆ ಮರದ ಕೆಳಗೆ ಒಬ್ಬಳೇ ಕೂರುತ್ತಿದ್ದಳು. ಗೆಳತಿಯರ ಜೊತೆ ಜಗಳವೇನೋ ಅಂತ ಹತ್ತಿರ ಹೋದೆ. ತೊಡೆಯ ಮೇಲೆ ಹಳೆಯ ರಫ್ ನೋಟ್‌ಬುಕ್ ಇತ್ತು. ಜೂನ್‌ನಿಂದ ಆ ಮರದ ಬಗ್ಗೆ ಬರೆದಿಟ್ಟಿದ್ದಾಳೆ! ಒಂದು ಪುಟಕ್ಕೆ ಒಣಗಿದ ಕಾಯಿ ಅಂಟಿಸಿದ್ದಾಳೆ. ಇನ್ನೊಂದರಲ್ಲಿ ಎಲೆಯ ಮೇಲೆ ಎದ್ದ ಗುಳ್ಳೆಗಳ ಚಿತ್ರ. ಕೊನೆಯಲ್ಲಿ ಹೀಗಿತ್ತು: 'ಹಳೇ ಎಲೆ ಎಲ್ಲಾ ಉದುರಿತು. ಇವತ್ತು ಚಿಗುರು. ಎಣ್ಣೆ ಹಚ್ಚಿದ ಹಾಗೆ ಹೊಳೀತಿದೆ.'

ನನಗೆ ಖುಷಿ ತಡೆಯಲಾಗಲಿಲ್ಲ. "ಇದನ್ನ ಸೈನ್ಸ್ ಎಕ್ಸಿಬಿಷನ್‌ಗೆ ಇಡೋಣ ಪುಟ್ಟಿ, ಪ್ರೈಜ್ ಬರುತ್ತೆ" ಅಂದುಬಿಟ್ಟೆ. ಅವಳ ಮುಖ ಸಪ್ಪಗಾಯಿತು. ನೋಟ್‌ಬುಕ್ ಮುಚ್ಚಿ, "ಬೇಡ ಮಿಸ್, ಇದು ನಂದು" ಅಂದಳು. ಮರುದಿನ ಅವಳು ಮರದ ಕೆಳಗೆ ಬರಲಿಲ್ಲ. ಆ ವಾರ ಪೂರ್ತಿ ಬರಲಿಲ್ಲ.

ಕರೆದು ಕ್ಷಮೆ ಕೇಳಿದೆ. ಈ ಪತ್ರದ ಬಗ್ಗೆಯೂ ಕೇಳಿದೆ. ಹೆಸರು ಹಾಕದಿದ್ದರೆ ಬರೆಯಬಹುದು ಅಂದಳು.

ಮಾರ್ಕ್ಸ್ ಬೇಡ ಅಂತ ನಾನು ಹೇಳುತ್ತಿಲ್ಲ. ಎಸ್‌ಎಸ್‌ಎಲ್‌ಸಿಯಲ್ಲಿ ಎಷ್ಟು ಬಂತು ಅನ್ನುವುದರ ಮೇಲೆ ಕಾಲೇಜು ಸೀಟು ನಿಂತಿದೆ. ನಮಗೆಲ್ಲ ಗೊತ್ತಿರುವ ವಿಷಯ ಅದು. ಆದರೆ ಮಾರ್ಕ್ಸ್ ಇನ್ನೊಬ್ಬರು ಕೊಡುವಂಥದ್ದು. ಈ ಹುಡುಗಿ ಎಂಟು ತಿಂಗಳು ಯಾರಿಂದಲೂ ಏನೂ ಕೇಳದೆ ಒಂದು ಮರವನ್ನು ನೋಡಿದ್ದಾಳೆ. ನೋಡಿದ್ದರಲ್ಲೇ ಅವಳಿಗೆ ತೃಪ್ತಿ. ನನ್ನ ಕಣ್ಣಿಗೆ ಇದು ಗೆಲುವು. ಅದಕ್ಕೆ ನಾನು ಬಹುಮಾನ ಕಟ್ಟಲು ಹೋಗಿದ್ದು ತಪ್ಪು.

ಲಾಲ್‌ಬಾಗ್ ಹತ್ತಿರದ ಕೃಂಬಿಗಲ್ ರಸ್ತೆಯಲ್ಲಿ ನೀವು ಎಷ್ಟೋ ಸಲ ಹೋಗಿರುತ್ತೀರಿ. ಜರ್ಮನಿಯಲ್ಲಿ ಹುಟ್ಟಿದ ಕೃಂಬಿಗಲ್ 1908ರಿಂದ 1932ರವರೆಗೆ ಲಾಲ್‌ಬಾಗ್ ನೋಡಿಕೊಂಡರು. ಒಂದು ಜಾತಿಯ ಮರದ ಹೂವು ಮುಗಿಯುವ ಹೊತ್ತಿಗೆ ಇನ್ನೊಂದು ಹೂ ಬಿಡಬೇಕು ಅಂತ ಲೆಕ್ಕ ಹಾಕಿ ನಮ್ಮ ಬೀದಿಗಳಿಗೆ ಮರ ಆರಿಸಿದವರು ಅವರು. ಸಸಿ ನೆಟ್ಟವರಿಗೆ ಅದರ ನೆರಳು ಸಿಗಲು ವರ್ಷಗಟ್ಟಲೆ ಕಾಯಬೇಕು. ಆ ನೆರಳಲ್ಲಿ ಆಟೋ ನಿಲ್ಲಿಸಿ ಊಟ ಮಾಡುವವರಿಗೆ ನೆಟ್ಟವರ ಹೆಸರು ಗೊತ್ತಿರುವುದಿಲ್ಲ. ಈ ಕಥೆ ಹೇಳಿದಾಗ ಅದೇ ಹುಡುಗಿ, "ಹೊಂಗೆ ಯಾರು ನೆಟ್ಟಿದ್ದು ಮಿಸ್?" ಅಂತ ಕೇಳಿದಳು. ನಮ್ಮ ಶಾಲೆಯಲ್ಲಿ ಯಾರಿಗೂ ಗೊತ್ತಿಲ್ಲ. ಹಳೆಯ ಆಯಾ ಒಬ್ಬರ ಹತ್ತಿರ ವಿಚಾರಿಸುತ್ತಿದ್ದೇನೆ.

ನಿಮ್ಮಲ್ಲಿ ಒಂದು ವಿನಂತಿ. ಮಗು ತನ್ನಷ್ಟಕ್ಕೆ ತಾನು ಏನಾದರೂ ಮಾಡುತ್ತಾ ಮುಳುಗಿದ್ದರೆ ಸ್ವಲ್ಪ ದೂರ ನಿಲ್ಲಿ. ಫೋಟೋ ತೆಗೆದು ಸ್ಟೇಟಸ್‌ಗೆ ಹಾಕುವ ಮುಂಚೆ ಮಗುವನ್ನು ಕೇಳಿ. ಹಾಡು ಗುನುಗಿದ ತಕ್ಷಣ ಸಂಗೀತದ ಕ್ಲಾಸಿಗೆ ಸೇರಿಸಬೇಕಾಗಿಲ್ಲ. ಸಂಜೆ "ಇವತ್ತು ಎಷ್ಟು ಬಂತು?" ಅನ್ನುವುದರ ಜೊತೆಗೆ "ಇವತ್ತು ಏನು ಇಷ್ಟ ಆಯ್ತು?" ಅಂತಲೂ ಕೇಳಿ. "ಏನೂ ಇಲ್ಲ" ಅಂದರೆ ಅಲ್ಲಿಗೆ ಬಿಟ್ಟುಬಿಡಿ. ಎಲ್ಲವನ್ನೂ ನಮಗೆ ಹೇಳಲೇಬೇಕು ಅಂತೇನಿಲ್ಲ, ಅಲ್ವಾ?

ಶಾಲೆಯಲ್ಲಿ ಎರಡು ಬದಲಾವಣೆ. ಟಾಪರ್‌ಗಳ ಫೋಟೋ ಹಾಕಿ ಕಾಂಪೌಂಡಿಗೆ ಕಟ್ಟುತ್ತಿದ್ದ ಫ್ಲೆಕ್ಸ್ ಈ ಸಲ ಇರುವುದಿಲ್ಲ. ಅಡ್ಮಿಷನ್ ಕಡಿಮೆಯಾಗಬಹುದು ಅಂತ ಕೆಲವರು ಹೇಳಿದ್ದಾರೆ. ಆ ಚಿಂತೆ ನನಗೂ ಇದೆ, ಆದರೂ ಬೇಡ ಅಂತ ತೀರ್ಮಾನಿಸಿದ್ದೇನೆ. ಶನಿವಾರದ ಕೊನೆಯ ಪೀರಿಯಡ್ ಇನ್ನು ಮುಂದೆ ಮಕ್ಕಳದ್ದು. ಓದಬಹುದು, ಬಿಡಿಸಬಹುದು, ಸುಮ್ನೆ ಕೂರಲೂಬಹುದು. ಅದಕ್ಕೆ ಮಾರ್ಕ್ಸ್ ಇಲ್ಲ, ಸರ್ಟಿಫಿಕೇಟ್ ಇಲ್ಲ. ಟೀಚರ್‌ಗಳು ಏನು ಮಾಡಿದೆ ಅಂತ ಕೇಳುವುದೂ ಇಲ್ಲ.

ಒಪ್ಪಿಗೆ ಇಲ್ಲದವರು ಖಂಡಿತ ಬಂದು ಮಾತಾಡಿ. ಮಧ್ಯಾಹ್ನ ಮೂರರ ನಂತರ ಆಫೀಸಿನಲ್ಲೇ ಇರುತ್ತೇನೆ. ಊಟದ ಬಿಡುವಿನಲ್ಲಿ ಬಂದರೆ ಮಾತ್ರ ದಯವಿಟ್ಟು ಗಾಡಿಯನ್ನು ಹೊಂಗೆ ಮರದ ಕೆಳಗೆ ನಿಲ್ಲಿಸಬೇಡಿ. ಸೋಮವಾರದಿಂದ ಅವಳು ಮತ್ತೆ ಅಲ್ಲಿ ಕೂರುತ್ತಿದ್ದಾಳೆ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ